5 ಅಡಿಯ ಮೀನು 20 ಅಡಿಯ ಹಾವಾದದ್ದು ಹೇಗೆ? ಶಾಂಪ್ಲೇನ್ ಸರೋವರದ ‘ಚಾಂಪ್’ ಕಥೆಯ ಹಿಂದೆ

ಸಮುದ್ರದಂತೆ ಹರಡಿಕೊಂಡ ಸರೋವರ. ಅಲ್ಲಾಡುವ ಕ್ಯಾಮೆರಾ. ದೂರದಲ್ಲಿ ನೀರಿನಿಂದ ಮೇಲೆದ್ದ ಕಪ್ಪು ಆಕೃತಿ, ಹಿನ್ನೆಲೆಯಲ್ಲಿ ಎದೆ ಬಡಿತ ಹೆಚ್ಚಿಸುವ ಸಂಗೀತ. ಕೆಳಗೆ ಬರಹ: ‘ಅಮೆರಿಕದ ಸರೋವರದಲ್ಲಿ ಡೈನೋಸಾರ್ ಇನ್ನೂ ಜೀವಂತ! 400 ವರ್ಷಗಳಿಂದ ನೋಡುತ್ತಿದ್ದಾರೆ! ಸರ್ಕಾರವೇ ಒಪ್ಪಿಕೊಂಡಿದೆ!’ ಇಂಥ ವಿಡಿಯೋ ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ದಿನ ಬಂದಿರಬಹುದು. ‘ಹೌದೇನು?’ ಎಂದು ಒಂದು ಕ್ಷಣ ಅಂದುಕೊಂಡು ಮುಂದಿನ ಗ್ರೂಪಿಗೆ ಕಳಿಸಿಯೂ ಇರಬಹುದು. ಇದರಿಂದ ಯಾರಿಗೂ ನಷ್ಟವಿಲ್ಲವಲ್ಲ ಎನಿಸುವುದು ಸಹಜ.

ಸರೋವರದ ಪ್ರಾಣಿಯೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸ್ಕಾಟ್ಲೆಂಡಿನ ಲಾಕ್ ನೆಸ್. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅಟ್ಲಾಂಟಿಕ್‌ನ ಆಚೆ ದಡದಲ್ಲಿರುವ ಅದರ ತಮ್ಮ ‘ಚಾಂಪ್’ನ ಕಥೆಯನ್ನು ನಾವು ಆರಿಸಿಕೊಂಡಿದ್ದೇವೆ. ಕಾರಣ ಇಷ್ಟೆ: ಒಂದು ಸಾಲು ಕೈಯಿಂದ ಕೈಗೆ ಹೋಗುತ್ತಾ ಹೇಗೆ ಬೇರೆಯೇ ಆಗಿಬಿಡುತ್ತದೆ ಎಂಬುದನ್ನು ಇಲ್ಲಿ ತಾರೀಖಿನ ಸಮೇತ ತೋರಿಸಬಹುದು. ವಾಟ್ಸಾಪ್ ಹುಟ್ಟುವ ಎಷ್ಟೋ ಮೊದಲೇ ಆದ ಫಾರ್ವರ್ಡ್ ಇದು.

ಮೊದಲು ಸರೋವರವನ್ನು ನೋಡೋಣ. ಶಾಂಪ್ಲೇನ್ ಇರುವುದು ಅಮೆರಿಕದ ವರ್ಮಾಂಟ್ ಮತ್ತು ನ್ಯೂಯಾರ್ಕ್ ರಾಜ್ಯಗಳ ನಡುವೆ. ಉತ್ತರದ ತುದಿ ಕೆನಡಾದ ಕ್ವಿಬೆಕ್ ಪ್ರಾಂತ್ಯದೊಳಕ್ಕೆ ಚಾಚಿದೆ. ಉದ್ದ ಸುಮಾರು 190 ಕಿ.ಮೀ., ಅತಿ ಅಗಲವಾದಲ್ಲಿ 19 ಕಿ.ಮೀ., ಅತಿ ಆಳವಾದಲ್ಲಿ ಸುಮಾರು 122 ಮೀಟರ್. ಒಂದು ದಡದಲ್ಲಿ ನಿಂತರೆ ಎದುರು ದಡದ ಮನೆ ಮರಗಳು ಮಸುಕು ಗೆರೆಯಾಗಿ ಕಾಣುವಷ್ಟು ಅಗಲ. ಈ ಅಂಶ ಮುಂದೆ ಮುಖ್ಯವಾಗುತ್ತದೆ. ಇಷ್ಟು ದೊಡ್ಡ ಬಯಲು ನೀರಿನಲ್ಲಿ ತೇಲುವ ವಸ್ತು ಎಷ್ಟು ದೂರದಲ್ಲಿದೆ, ಎಷ್ಟು ದೊಡ್ಡದು ಎಂದು ಅಳೆಯಲು ಕಣ್ಣಿಗೆ ಪಕ್ಕದಲ್ಲಿ ಏನೂ ಇರುವುದಿಲ್ಲ.

1609ರಲ್ಲಿ ಶಾಂಪ್ಲೇನ್ ಏನು ನೋಡಿದ?

‘400 ವರ್ಷಗಳಿಂದ’ ಎಂಬ ಮಾತು ಎಲ್ಲಿಂದ ಬಂತು? ಫ್ರೆಂಚ್ ಅನ್ವೇಷಕ ಸ್ಯಾಮ್ಯುಯೆಲ್ ದ ಶಾಂಪ್ಲೇನ್ 1609ರ ಜುಲೈನಲ್ಲಿ ಸ್ಥಳೀಯ ಮೂಲನಿವಾಸಿ ಯೋಧರ ಜೊತೆ ದೋಣಿಗಳಲ್ಲಿ ಇಲ್ಲಿಗೆ ಬಂದ. ಸರೋವರಕ್ಕೆ ತನ್ನ ಹೆಸರನ್ನೇ ಇಟ್ಟ. ಅಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಜನ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರು ಎಂಬುದು ಅವನಿಗೆ ಅಡ್ಡಿಯಾಗಲಿಲ್ಲ. ಇಂದು ಚಾಂಪ್ ಬಗ್ಗೆ ಬರೆಯುವವರು ಹೆಚ್ಚಾಗಿ ಹೇಳುವ ಮಾತು ಹೀಗಿದೆ: ಶಾಂಪ್ಲೇನ್ ಈ ಸರೋವರದಲ್ಲಿ 20 ಅಡಿ ಉದ್ದದ, ಪೀಪಾಯಿಯಷ್ಟು ದಪ್ಪದ, ಕುದುರೆಯಂಥ ತಲೆಯ ಸರ್ಪವನ್ನು ಕಣ್ಣಾರೆ ಕಂಡು ದಾಖಲಿಸಿದ್ದಾನೆ.

ಹಾಗೆಂದು ಅವನು ಬರೆದೇ ಇಲ್ಲ. ಅವನ ಪ್ರವಾಸ ಕಥನ 1613ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾಗಿದೆ, ಅನುವಾದಗಳೂ ಇವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಅದರಲ್ಲಿ ಅವನು ವರ್ಣಿಸುವುದು ಒಂದು ಮೀನನ್ನು. ಸ್ಥಳೀಯರು ಅದನ್ನು ‘ಶೌಸರೂ’ ಎನ್ನುತ್ತಿದ್ದರಂತೆ. 8ರಿಂದ 10 ಅಡಿಯವೂ ಇವೆ ಎಂದು ಅವರು ಹೇಳಿದರಂತೆ, ಆದರೆ ತಾನು ನೋಡಿದ್ದು 5 ಅಡಿಯವು ಎಂದು ಅವನು ಸ್ಪಷ್ಟವಾಗಿ ಬೇರ್ಪಡಿಸಿ ಬರೆಯುತ್ತಾನೆ. ಕೇಳಿದ್ದು ಬೇರೆ, ಕಂಡದ್ದು ಬೇರೆ. ಇಂದಿನ ಎಷ್ಟೋ ಸುದ್ದಿಗಳಲ್ಲಿ ಇಷ್ಟು ಎಚ್ಚರವೂ ಇರುವುದಿಲ್ಲ! ಮೀನು ತೊಡೆಯಷ್ಟು ದಪ್ಪ, ತಲೆ ಎರಡು ಮುಷ್ಟಿಗಳಷ್ಟು, ಮೂತಿ ಎರಡೂವರೆ ಅಡಿ ಉದ್ದ, ಅದರಲ್ಲಿ ಎರಡು ಸಾಲು ಚೂಪು ಹಲ್ಲು. ಮೈಮೇಲೆ ಬೆಳ್ಳಿಬಣ್ಣದ ಹುರುಪೆ, ಬಾಕು ಹಾಕಿದರೂ ಸೀಳದಷ್ಟು ಗಟ್ಟಿ.

ಅವನು ಇನ್ನೂ ಎರಡು ವಿವರ ಕೊಡುತ್ತಾನೆ. ಈ ಮೀನು ಜೊಂಡಿನ ನಡುವೆ ಅಲುಗಾಡದೆ ನಿಂತು ಮೂತಿಯನ್ನು ನೀರಿನಿಂದ ಹೊರಗೆ ಚಾಚುತ್ತದಂತೆ. ಕೊರಡೆಂದು ನಂಬಿ ಹಕ್ಕಿ ಬಂದು ಕೂತರೆ ಕಾಲು ಕಚ್ಚಿ ಒಳಕ್ಕೆ ಎಳೆಯುತ್ತದಂತೆ. ಇನ್ನೊಂದು, ತಲೆನೋವು ಬಂದಾಗ ಅಲ್ಲಿನ ಜನ ಈ ಮೀನಿನ ಹಲ್ಲಿನಿಂದ ನೋವಿರುವ ಜಾಗ ಕೆರೆದು ರಕ್ತ ಹೊರಬಿಡುತ್ತಿದ್ದರಂತೆ. (ದಯವಿಟ್ಟು ಇದನ್ನು ಮನೆಮದ್ದು ಎಂದು ಫಾರ್ವರ್ಡ್ ಮಾಡಬೇಡಿ.)

ಉದ್ದ ಮೂತಿ, ಕವಚದಂಥ ಹುರುಪೆ, ಎರಡು ಸಾಲು ಹಲ್ಲು. ಈ ಗುರುತುಗಳನ್ನು ಹಿಡಿದು ಹುಡುಕಿದರೆ ಸಿಗುವುದು ಉದ್ದಮೂತಿಯ ಗಾರ್ ಮೀನು. ಇಂದಿಗೂ ಅದೇ ಸರೋವರದಲ್ಲಿದೆ, ಮೀನುಗಾರರ ಗಾಳಕ್ಕೂ ಸಿಗುತ್ತದೆ. ಗಾರ್ ಮೀನಿಗೆ ಕಿವಿರುಗಳಿದ್ದರೂ ಗಾಳಿಚೀಲದ ನೆರವಿನಿಂದ ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲದು. ಹಾಗಾಗಿ ಬೆಚ್ಚನೆಯ ಬೇಸಿಗೆಯ ದಿನಗಳಲ್ಲಿ ನೀರಿನ ಮೇಲ್ಪದರಕ್ಕೆ ಬಂದು, ಕೊರಡಿನಂತೆ ತೇಲುತ್ತಾ, ಆಗಾಗ ಗಾಳಿ ನುಂಗುತ್ತದೆ. ಈ ಮೀನಿನ ವಂಶ ಡೈನೋಸಾರ್‌ಗಳ ಕಾಲದಿಂದಲೂ ಇದೆ. ಅಂದರೆ ‘ಡೈನೋಸಾರ್ ಕಾಲದ ಜೀವಿ ಈ ಸರೋವರದಲ್ಲಿ ಈಗಲೂ ಇದೆ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಚಿತ್ರ ಮಾತ್ರ ತಪ್ಪು.

ಹಾಗಾದರೆ 5 ಅಡಿಯ ಮೀನು 20 ಅಡಿಯ ಸರ್ಪವಾದದ್ದು ಯಾವಾಗ? ಈ ದಂತಕಥೆಯ ಬೆನ್ನು ಹತ್ತಿದ ಸಂಶೋಧಕರಾದ ಬೆನ್ ರಾಡ್‌ಫೋರ್ಡ್ ಮತ್ತು ಜೋ ನಿಕಲ್ ಹಳೆಯ ಬರಹಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದು ಹೋದಾಗ, ಅವರು ಬಂದು ನಿಂತದ್ದು 1970ರ ‘ವರ್ಮಾಂಟ್ ಲೈಫ್’ ಪತ್ರಿಕೆಯ ಒಂದು ಲೇಖನಕ್ಕೆ. ಪೀಪಾಯಿ, ಕುದುರೆ ತಲೆ, 20 ಅಡಿ ಎಲ್ಲವೂ ಶಾಂಪ್ಲೇನ್‌ನ ಬಾಯಿಗೆ ಬಂದದ್ದು ಅಲ್ಲಿ. ಅವನು ಬದುಕಿದ್ದು 17ನೇ ಶತಮಾನದಲ್ಲಿ, ಅವನ ‘ಮಾತು’ ಹುಟ್ಟಿದ್ದು 20ನೇ ಶತಮಾನದಲ್ಲಿ. ಆಮೇಲೆ ಬರೆದವರು ಮೂಲವನ್ನು ತೆಗೆದು ನೋಡಲಿಲ್ಲ. ಆ ಲೇಖನವನ್ನು ಇವರು ನೋಡಿ ಬರೆದರು, ಇವರನ್ನು ನೋಡಿ ಮತ್ತೊಬ್ಬರು. ಪುಸ್ತಕಗಳಲ್ಲಿ ಬಂತು, ಪ್ರವಾಸಿ ಕರಪತ್ರಗಳಲ್ಲಿ ಬಂತು, ಈಗ ವಿಡಿಯೋದ ಅಡಿಬರಹವಾಗಿದೆ. ನಡುವಿನ ಯಾರೂ ಬೇಕೆಂದೇ ಸುಳ್ಳು ಹೇಳಿರಬೇಕಾಗಿಲ್ಲ. ಪ್ರತಿಯೊಬ್ಬರೂ ‘ಹಿಂದಿನವರು ನೋಡಿಯೇ ಬರೆದಿರುತ್ತಾರೆ’ ಎಂದುಕೊಂಡರು, ಅಷ್ಟೆ.

‘ಸರಿ, ಶಾಂಪ್ಲೇನ್ ಬೇಡ. ಮೂಲನಿವಾಸಿಗಳೂ ದೊಡ್ಡ ಸರ್ಪದ ಬಗ್ಗೆ ಹೇಳುತ್ತಿದ್ದರಲ್ಲ?’ ಎಂದು ಕೇಳಬಹುದು. ನಿಜ, ಅಬೆನಕಿ ಜನರ ಕಥೆಗಳಲ್ಲಿ ಕೊಂಬಿನ ಮಹಾಸರ್ಪವಿದೆ. ಇಂಥ ಸರ್ಪ ಉತ್ತರ ಅಮೆರಿಕದ ಹಲವಾರು ಮೂಲನಿವಾಸಿ ಸಮುದಾಯಗಳ ನಂಬಿಕೆಯಲ್ಲಿ ನೀರಿನ ಶಕ್ತಿಯಾಗಿ, ಭಯಭಕ್ತಿಯ ರೂಪವಾಗಿ ಬರುತ್ತದೆ. ಅದನ್ನು ಪ್ರಾಣಿಶಾಸ್ತ್ರದ ಸಾಕ್ಷಿಯೆಂದು ಎಳೆದು ತರುವುದು, ನಮ್ಮ ನಾಗನ ಕಲ್ಲಿನಲ್ಲಿ ಐದು ಹೆಡೆ ಕೆತ್ತಿರುವುದನ್ನು ತೋರಿಸಿ ಐದು ಹೆಡೆಯ ಹಾವಿನ ತಳಿಯೊಂದು ಇತ್ತು ಎಂದ ಹಾಗೆ. ಆ ಕಥೆಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಸುಲಿದ ಈರುಳ್ಳಿಯಂಥ ಕಣ್ಣು

ಈ ಸರೋವರದ ಪ್ರಾಣಿಯ ಬಗ್ಗೆ ಪತ್ರಿಕೆಯಲ್ಲಿ ಬಂದ ಹಳೆಯ ವರದಿ 1819ರದು. ಪ್ಲಾಟ್ಸ್‌ಬರ್ಗ್‌ನ ಪತ್ರಿಕೆಯೊಂದರಲ್ಲಿ ‘ಕ್ಯಾಪ್ಟನ್ ಕ್ರಮ್’ ಎಂಬಾತ ಬಲ್ವಾಗಾ ಕೊಲ್ಲಿಯಲ್ಲಿ 187 ಅಡಿ ಉದ್ದದ ಕಪ್ಪು ಪ್ರಾಣಿಯನ್ನು ಕಂಡನೆಂದಿದೆ. ಮೂರು ಹಲ್ಲು, ಸುಲಿದ ಈರುಳ್ಳಿಯ ಬಣ್ಣದ ಕಣ್ಣು, ಹಣೆಯಲ್ಲಿ ಬಿಳಿ ನಕ್ಷತ್ರ, ಕುತ್ತಿಗೆಗೆ ಕೆಂಪು ಪಟ್ಟಿ. ಇದನ್ನೆಲ್ಲ ಅವನು ನೋಡಿದ್ದು ಸುಮಾರು 200 ಗಜ ದೂರದಿಂದ! 200 ಗಜವೆಂದರೆ ಎರಡು ಫುಟ್‌ಬಾಲ್ ಮೈದಾನಗಳ ಉದ್ದ. ಅಷ್ಟು ದೂರದಿಂದ ಎದುರಾಳಿಯ ಹಲ್ಲೆಣಿಸುವುದು ಒತ್ತಟ್ಟಿಗಿರಲಿ, ಅವನು ಕನ್ನಡಕ ಹಾಕಿದ್ದಾನೋ ಇಲ್ಲವೋ ಎಂದೂ ಹೇಳಲಾಗದು.

ಆ ಕಾಲದ ಓದುಗರಿಗೆ ಇದು ತಮಾಷೆಯೆಂದು ಗೊತ್ತಾಗಿರಬೇಕು. ಎರಡು ವರ್ಷ ಹಿಂದೆ, 1817ರಲ್ಲಿ, ಮ್ಯಾಸಚೂಸೆಟ್ಸ್‌ನ ಗ್ಲೌಸ್ಟರ್ ಬಂದರಿನಲ್ಲಿ ‘ಸಮುದ್ರ ಸರ್ಪ’ ಕಂಡಿತೆಂದು ದೇಶವೆಲ್ಲ ಗದ್ದಲವಾಗಿತ್ತು. ಬಾಸ್ಟನ್ನಿನ ವಿದ್ವಾಂಸರು ತನಿಖಾ ಸಮಿತಿ ಮಾಡಿ, ದಡದಲ್ಲಿ ಸಿಕ್ಕ ಗಂಟುಗಂಟಾದ ಮೂರು ಅಡಿಯ ಹಾವೊಂದನ್ನು ಆ ಸರ್ಪದ ಮರಿ ಎಂದು ಘೋಷಿಸಿ ಲ್ಯಾಟಿನ್ ಹೆಸರನ್ನೂ ಕೊಟ್ಟರು. ಆಮೇಲೆ ನೋಡಿದರೆ ಅದು ರೋಗದಿಂದ ಬೆನ್ನು ಡೊಂಕಾದ ಸಾಮಾನ್ಯ ಕರಿಹಾವು. ಆ ಗದ್ದಲವನ್ನು ಅಣಕಿಸಿ ಬರೆದಂತಿದೆ ಕ್ಯಾಪ್ಟನ್ ಕ್ರಮ್‌ನ ವರದಿ. ಇನ್ನೂರು ವರ್ಷದ ಬಳಿಕ ನಗೆ ಬಿಟ್ಟುಹೋಗಿ ‘1819ರಲ್ಲೇ ದಾಖಲೆ ಇದೆ’ ಎಂಬುದಷ್ಟೇ ಉಳಿದುಕೊಂಡಿದೆ. ಇಂದು ವ್ಯಂಗ್ಯದ ಪೇಜುಗಳ ಪೋಸ್ಟುಗಳು ಎರಡು ಗ್ರೂಪು ದಾಟುವಷ್ಟರಲ್ಲಿ ‘ಬ್ರೇಕಿಂಗ್ ನ್ಯೂಸ್’ ಆಗುವುದನ್ನು ನಾವೆಲ್ಲ ನೋಡಿದ್ದೇವೆ.

1873ರಲ್ಲಿ ಸರ್ಕಸ್ ಮಾಲೀಕ ಪಿ. ಟಿ. ಬಾರ್ನಮ್ ಈ ಪ್ರಾಣಿಯ ಚರ್ಮ ತಂದವರಿಗೆ 50,000 ಡಾಲರ್ ಕೊಡುವುದಾಗಿ ಹೇಳಿದ. ಅಂದಿನ ಕಾಲಕ್ಕೆ ಅದು ಒಬ್ಬನ ಜೀವಮಾನದ ಬಡತನ ನೀಗುವ ಹಣ. ಬಹುಮಾನ ಯಾರಿಗೂ ಸಿಗಲಿಲ್ಲ. ಆದರೆ ಬಾರ್ನಮ್‌ನ ಹೆಸರು ಪತ್ರಿಕೆಗಳಲ್ಲಿ ಪುಕ್ಕಟೆಯಾಗಿ ಓಡಾಡಿತು. ಅವನಿಗೆ ಬೇಕಾಗಿದ್ದದ್ದೂ ಅದೇ ಇರಬೇಕು.

ಒಂದು ವಿಚಿತ್ರವನ್ನು ಗಮನಿಸಿ. 1819ರ ಪ್ರಾಣಿ ಸರ್ಪ. ಇಂದಿನ ಚಾಂಪ್ ಚಿತ್ರಗಳಲ್ಲಿರುವುದು ಉದ್ದ ಕತ್ತಿನ, ದಪ್ಪ ಹೊಟ್ಟೆಯ, ಪ್ಲೀಸಿಯೊಸಾರ್ ಎಂಬ ಪುರಾತನ ಜಲಸರೀಸೃಪದಂಥ ಪ್ರಾಣಿ. ಒಂದೇ ಪ್ರಾಣಿ ಆಕಾರ ಬದಲಿಸಿತೇ? ಬದಲಾದದ್ದು ನೋಡುವವರ ಮನಸ್ಸಿನೊಳಗಿನ ಚಿತ್ರ. 1933ರಲ್ಲಿ ‘ಕಿಂಗ್ ಕಾಂಗ್’ ಸಿನಿಮಾ ಬಂತು. ಅದರಲ್ಲಿ ಉದ್ದ ಕತ್ತಿನ ದೈತ್ಯವೊಂದು ನೀರಿನಿಂದ ಎದ್ದು ತೆಪ್ಪದ ಮೇಲೆರಗುವ ದೃಶ್ಯವಿದೆ. ಅದೇ ವರ್ಷ ಲಾಕ್ ನೆಸ್ ಸುದ್ದಿ ಸ್ಫೋಟವಾಯಿತು. 1934ರ ಏಪ್ರಿಲ್‌ನಲ್ಲಿ ‘ಡೈಲಿ ಮೇಲ್’ ಪ್ರಕಟಿಸಿದ, ಹಂಸದಂತೆ ಕತ್ತೆತ್ತಿದ ಪ್ರಾಣಿಯ ಫೋಟೋ ಜಗತ್ತಿನ ಕಣ್ಣಲ್ಲಿ ಅಚ್ಚಾಯಿತು. ತೆಗೆದವರು ವೈದ್ಯರೆಂಬ ಕಾರಣಕ್ಕೆ ಜನ ನಂಬಿದರು. ಅರವತ್ತು ವರ್ಷದ ಬಳಿಕ, 1994ರಲ್ಲಿ, ಅದು ಆಟಿಕೆಯ ಜಲಾಂತರ್ಗಾಮಿಯ ಮೇಲೆ ಕತ್ತು ಅಂಟಿಸಿ ಮಾಡಿದ ಬೊಂಬೆಯೆಂದು ಬಯಲಾಯಿತು. ಪತ್ರಿಕೆಗಳಲ್ಲಿ ಹೆಚ್ಚಾಗಿ ಬಂದದ್ದು ಕತ್ತರಿಸಿದ ಚಿತ್ರ. ಕತ್ತರಿಸದ ಪೂರ್ತಿ ಚಿತ್ರದಲ್ಲಿ ಸುತ್ತಲಿನ ಅಲೆಗಳ ಮುಂದೆ ಆ ‘ದೈತ್ಯ’ ಎಷ್ಟು ಪುಟ್ಟದೆಂದು ಕಾಣುತ್ತದೆ.

ನಿಜವಾದ ಫೋಟೋ, ಆದರೆ ಯಾವುದರ ಫೋಟೋ?

ಚಾಂಪ್‌ನದೂ ಒಂದು ಪ್ರಸಿದ್ಧ ಫೋಟೋ ಇದೆ. 1977ರ ಜುಲೈನಲ್ಲಿ ವರ್ಮಾಂಟ್ ದಡದ ಸೇಂಟ್ ಆಲ್ಬನ್ಸ್ ಪಟ್ಟಣದ ಉತ್ತರಕ್ಕೆ, ಕುಟುಂಬದ ಜೊತೆ ವಿಹಾರಕ್ಕೆ ಹೋಗಿದ್ದ ಮಹಿಳೆಯೊಬ್ಬರು ಸಾಧಾರಣ ಕ್ಯಾಮೆರಾದಲ್ಲಿ ತೆಗೆದದ್ದು. ನೀಲಿ ನೀರು, ಅದರಿಂದ ಮೇಲೆದ್ದು ಹಿಂದಕ್ಕೆ ತಿರುಗಿದ ಕತ್ತು, ಪಕ್ಕದಲ್ಲಿ ಗೂನು ಬೆನ್ನು. ಮಕ್ಕಳು ದಡದಲ್ಲಿ ನೀರಾಡುತ್ತಿದ್ದರು. ಅವರನ್ನು ಮೇಲಕ್ಕೆ ಕರೆದುಕೊಂಡು ಓಡಿದೆವು ಎನ್ನುತ್ತದೆ ಅವರ ಹೇಳಿಕೆ. ಜನ ನಗುತ್ತಾರೆಂದು ಹೆದರಿ ಫೋಟೋವನ್ನು ಕೆಲವು ವರ್ಷ ಹೊರಗೆ ತೋರಿಸಲಿಲ್ಲ. 1981ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಪ್ರಕಟಿಸಿತು.

ಇದು ಲಾಕ್ ನೆಸ್‌ನ ಬೊಂಬೆಯಂಥದ್ದಲ್ಲ ಎಂದೇ ನಮಗೂ ಅನಿಸುತ್ತದೆ. ಅರಿಜೋನಾ ವಿಶ್ವವಿದ್ಯಾಲಯದ ದೃಗ್ವಿಜ್ಞಾನ ತಜ್ಞರೊಬ್ಬರು ಪರೀಕ್ಷಿಸಿ, ಎರಡು ಚಿತ್ರ ಸೇರಿಸಿ ಮಾಡಿದ ಗುರುತು ಕಾಣುತ್ತಿಲ್ಲ ಎಂದರು. ಫಾರ್ವರ್ಡ್‌ಗಳಲ್ಲಿ ಇದು ‘ಪ್ರಾಣಿ ನಿಜವೆಂದು ವಿಜ್ಞಾನಿಗಳು ದೃಢಪಡಿಸಿದರು’ ಎಂದಾಗಿದೆ. ಎರಡಕ್ಕೂ ಅಜಗಜಾಂತರ. ಅವರು ಹೇಳಿದ್ದು ಕ್ಯಾಮೆರಾದ ಮುಂದೆ ಏನೋ ಒಂದು ವಸ್ತು ಇತ್ತು ಎಂದಷ್ಟೆ. ಆ ವಸ್ತು ಏನೆಂಬುದನ್ನಲ್ಲ. ಇನ್ನು ನೆಗೆಟಿವ್ ಉಳಿದಿಲ್ಲ. ತೆಗೆದ ಜಾಗ ನಿಖರವಾಗಿ ಎಲ್ಲೆಂದು ಗೊತ್ತಿಲ್ಲ. ಜಾಗ ಗೊತ್ತಿಲ್ಲದಿದ್ದರೆ ದೂರ ಗೊತ್ತಿಲ್ಲ, ದೂರ ಗೊತ್ತಿಲ್ಲದಿದ್ದರೆ ಅಳತೆಯೂ ಗೊತ್ತಾಗದು. ಹಾಗಾಗಿಯೇ ಒಬ್ಬ ಸಾಗರ ವಿಜ್ಞಾನಿ ಅಲೆಗಳ ಆಧಾರದ ಮೇಲೆ ಲೆಕ್ಕ ಹಾಕಿದಾಗ ಉತ್ತರ ಸುಮಾರು 5 ಮೀಟರಿನಿಂದ 17 ಮೀಟರಿನವರೆಗೆ ಚಾಚಿತು. ರಾಡ್‌ಫೋರ್ಡ್ ಮತ್ತು ನಿಕಲ್ ಅದೇ ಸರೋವರದಲ್ಲಿ, ಅಳತೆ ಗುರುತು ಹಾಕಿದ ವಸ್ತುವನ್ನು ನೀರಿನಲ್ಲಿಟ್ಟು ಫೋಟೋ ತೆಗೆದು ಹೋಲಿಸಿದಾಗ ಕತ್ತು ಸುಮಾರು 3 ಅಡಿ, ಇಡೀ ವಸ್ತು ಸುಮಾರು 7 ಅಡಿ ಎಂದು ಬಂತು. ಅವರ ಅಭಿಪ್ರಾಯದಲ್ಲಿ ಅದು ತೇಲಿಬಂದ ಮರದ ಬೊಡ್ಡೆ, ಮೇಲೆದ್ದದ್ದು ಅದರ ಬೇರು ಅಥವಾ ಕೊಂಬೆ. ನೀರಿನಲ್ಲಿ ಮರ ನಿಧಾನವಾಗಿ ಹೊರಳಿದರೆ ಕತ್ತು ತಿರುಗಿಸಿದಂತೆ, ಮುಳುಗಿದಂತೆ ಕಾಣುವುದು ಸಾಧ್ಯ. ಅದು ಮರವೇ ಎಂದು ನೂರಕ್ಕೆ ನೂರು ಸಾಬೀತು ಮಾಡಲು ಆಗದು. ಆದರೆ ಈ ಸರೋವರದಲ್ಲಿ ತೇಲುವ ಮರಗಳಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

2005ರಲ್ಲಿ ಇಬ್ಬರು ಮೀನುಗಾರರು ತೆಗೆದ ವಿಡಿಯೋದ ಕಥೆಯೂ ಹೀಗೆಯೇ. ಅಮೆರಿಕದ ಟಿವಿ ವಾಹಿನಿಯೊಂದು ಅದನ್ನು ಎಫ್‌ಬಿಐನ ನಿವೃತ್ತ ತಜ್ಞರಿಗೆ ತೋರಿಸಿತು. ತಿದ್ದಿದ ಗುರುತಿಲ್ಲ ಎಂಬ ಉತ್ತರ ಬಂತು. ನೀರಿನಡಿಯಲ್ಲಿ ಏನೋ ಚಲಿಸುತ್ತಿದೆ, ನಿಜ. ಏನು? ಅದು ವಿಡಿಯೋದಿಂದ ತಿಳಿಯುವುದಿಲ್ಲ.

ಹಗ್ಗವನ್ನು ಹಾವೆಂದು ಕಂಡ ಕಥೆ ನಮಗೆ ಹೊಸತಲ್ಲ. ಅದರಲ್ಲಿ ಮುಖ್ಯವಾದ ಮಾತೆಂದರೆ ಹಗ್ಗ ಅಲ್ಲಿ ನಿಜಕ್ಕೂ ಇತ್ತು, ಕಂಡವನು ಸುಳ್ಳುಗಾರನಲ್ಲ. ಶಾಂಪ್ಲೇನ್‌ನಲ್ಲಿ ಹಗ್ಗಗಳಿಗೆ ಬರವಿಲ್ಲ. ಸ್ಟರ್ಜನ್ ಎಂಬ ಮೀನು ಇಲ್ಲಿ ಎರಡು ಮೀಟರಿನವರೆಗೂ ಬೆಳೆಯುತ್ತದೆ, ಬೆನ್ನುದ್ದಕ್ಕೂ ಮುಳ್ಳುಗಂಟಿನಂಥ ಸಾಲು, ಕೆಲವೊಮ್ಮೆ ನೀರಿನಿಂದ ಮೇಲಕ್ಕೆ ಹಾರುತ್ತದೆ. ನೀರುನಾಯಿಗಳು ಒಂದರ ಹಿಂದೊಂದು ಈಜುತ್ತಾ ಮುಳುಗಿ ಏಳುವಾಗ ದೂರದಿಂದ ನೋಡಿದರೆ ಹಲವು ಗೂನುಗಳ ಒಂದೇ ಪ್ರಾಣಿ! ಜಿಂಕೆಗಳು ಈಜಿ ಸರೋವರ ದಾಟುತ್ತವೆ, ಆಗ ಮೇಲೆ ಕಾಣುವುದು ತಲೆ ಕತ್ತು ಮಾತ್ರ. ಇನ್ನು ದೋಣಿಯ ಅಲೆ. ಗಾಳಿಯಿಲ್ಲದ ದಿನ ದೊಡ್ಡ ದೋಣಿಯೊಂದು ಹಾದು ಕಣ್ಮರೆಯಾದ ಎಷ್ಟೋ ಹೊತ್ತಿನ ಮೇಲೆ ಅದರ ಅಲೆಗಳು ಸಾಲಾಗಿ ಬಂದು ದಡ ಮುಟ್ಟುತ್ತವೆ. ದೋಣಿಯನ್ನು ನೋಡದವನಿಗೆ ಸ್ತಬ್ಧ ನೀರಿನಲ್ಲಿ ಕಪ್ಪು ಗೂನುಗಳು ತಾವಾಗಿಯೇ ಚಲಿಸಿದಂತೆ.

ನಿರೀಕ್ಷೆಯ ಪಾತ್ರವೂ ಇದೆ. ಲಾಕ್ ನೆಸ್‌ನಲ್ಲಿ ಸಾಕ್ಷ್ಯಚಿತ್ರವೊಂದರ ತಂಡ ಬೇಲಿಯ ಕಂಬವೊಂದನ್ನು ನೀರಿನಡಿ ಮುಚ್ಚಿಟ್ಟು, ಪ್ರವಾಸಿಗರು ಬಂದಾಗ ಮೇಲಕ್ಕೆತ್ತಿತು. ಕಂಡದ್ದನ್ನು ಬರೆದು ತೋರಿಸಿ ಎಂದಾಗ ಹೆಚ್ಚಿನವರು ನೆಟ್ಟನೆಯ ಕಂಬವನ್ನೇ ಬರೆದರು. ಆದರೆ ಕೆಲವರು ಅದಕ್ಕೊಂದು ಪ್ರಾಣಿಯ ತಲೆ ಸೇರಿಸಿದರು. ನಾಲ್ಕು ಜನರಲ್ಲಿ ಒಬ್ಬರು ತಲೆ ಸೇರಿಸಿದರೂ ಸಾಕು, ಪತ್ರಿಕೆಯಲ್ಲಿ ಬರುವುದು ಆ ಒಬ್ಬರ ಚಿತ್ರ.

ಇರಲು ಸಾಧ್ಯವೇ ಇಲ್ಲವೇ?

ಚಾಂಪ್ ಪರ ವಾದಿಸುವವರ ಬಳಿ ಒಂದು ಒಳ್ಳೆಯ ಪ್ರಶ್ನೆ ಇದೆ. 1849ರಲ್ಲಿ ಈ ಸರೋವರದ ಹತ್ತಿರದ ಶಾರ್ಲಟ್ ಎಂಬ ಊರಿನಲ್ಲಿ ರೈಲು ಹಳಿಗಾಗಿ ನೆಲ ಅಗೆಯುವಾಗ ಜೇಡಿಮಣ್ಣಿನಲ್ಲಿ ವಿಚಿತ್ರ ಮೂಳೆಗಳು ಸಿಕ್ಕವು. ಅವು ಬೆಲೂಗಾ ತಿಮಿಂಗಿಲದ್ದು! ಸಮುದ್ರದಿಂದ 240 ಕಿ.ಮೀ. ದೂರದ ಹೊಲದಲ್ಲಿ ತಿಮಿಂಗಿಲವಿತ್ತೆಂದರೆ ಸರೋವರದಲ್ಲಿ ಪ್ಲೀಸಿಯೊಸಾರ್ ಏಕಿರಬಾರದು?

ಉತ್ತರ ಕಾಲದ ಲೆಕ್ಕದಲ್ಲಿದೆ. ಹಿಮಯುಗದಲ್ಲಿ ಈ ಪ್ರದೇಶದ ಮೇಲೆ ಸುಮಾರು ಒಂದು ಮೈಲಿ ದಪ್ಪದ ಮಂಜುಗಡ್ಡೆ ಇತ್ತು. ಅದರ ಭಾರಕ್ಕೆ ನೆಲವೇ ಕುಸಿದಿತ್ತು. ಮಂಜು ಕರಗಿದಾಗ, ಸುಮಾರು 13,000 ವರ್ಷಗಳ ಹಿಂದೆ, ಅಟ್ಲಾಂಟಿಕ್‌ನ ಉಪ್ಪುನೀರು ಒಳನುಗ್ಗಿ ‘ಶಾಂಪ್ಲೇನ್ ಸಮುದ್ರ’ವಾಯಿತು. ತಿಮಿಂಗಿಲ ಬಂದದ್ದು ಆಗ. ಮುಂದೆ ನೆಲ ಮೇಲೆದ್ದು ಸಮುದ್ರದ ಸಂಪರ್ಕ ಕಡಿದು ಸಿಹಿನೀರಿನ ಸರೋವರವಾಯಿತು. ಪ್ಲೀಸಿಯೊಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಒಂದು ಮೈಲಿ ಮಂಜುಗಡ್ಡೆಯಡಿ ಅವು ಅಡಗಿ ಕುಳಿತಿದ್ದವೇ? ಅವುಗಳ ಕತ್ತಿನ ಮೂಳೆಗಳನ್ನು ಪರಿಶೀಲಿಸಿದ ತಜ್ಞರು, ಅವಕ್ಕೆ ಹಂಸದಂತೆ ಕತ್ತೆತ್ತಿ ಹಿಡಿಯಲು ಆಗುತ್ತಿರಲಿಲ್ಲ ಎನ್ನುತ್ತಾರೆ. ಅಂದರೆ ಆ ಪ್ರಸಿದ್ಧ ಭಂಗಿಯೇ ಅವುಗಳದ್ದಲ್ಲ.

ನಮಗೆ ಇನ್ನೂ ಬಲವಾಗಿ ಕಾಣುವ ವಾದ ಉಸಿರಿನದು. ಸರೀಸೃಪವಾದರೆ ಗಾಳಿಗಾಗಿ ಮೇಲೆ ಬರಲೇಬೇಕು. ಒಂದೇ ಪ್ರಾಣಿ 400 ವರ್ಷ ಬದುಕಲಾರದು, ಹಾಗಾಗಿ ತಾಯಿ, ತಂದೆ, ಮರಿಗಳ ದೊಡ್ಡ ಹಿಂಡೇ ಇರಬೇಕು. ಇಡೀ ಹಿಂಡು ದಿನವೂ ಮೇಲೆ ಬಂದು ಉಸಿರಾಡಬೇಕು. ಇಲ್ಲಿ ಫೆರ್ರಿ ದೋಣಿಗಳು ಓಡಾಡುತ್ತವೆ, ಮೀನುಗಾರರಿದ್ದಾರೆ, ಎಲ್ಲರ ಕೈಯಲ್ಲೂ ಈಗ ಕ್ಯಾಮೆರಾ ಇದೆ. ಅದೂ ಸಾಲದೆಂದರೆ, ಚಳಿಗಾಲದಲ್ಲಿ ಕೊಲ್ಲಿಗಳು ಹೆಪ್ಪುಗಟ್ಟುತ್ತವೆ, ಕೆಲವು ವರ್ಷ ಸರೋವರವೇ ಪೂರ್ತಿ ಹೆಪ್ಪುಗಟ್ಟುತ್ತದೆ. ಆಗ ಆ ಹಿಂಡು ಉಸಿರಾಡುವುದೆಲ್ಲಿ? ಸತ್ತ ಒಂದು ದೇಹ, ಒಂದು ಮೂಳೆ ದಡಕ್ಕೆ ಬಂದದ್ದಿಲ್ಲ.

ಲಾಕ್ ನೆಸ್‌ನಲ್ಲಿ 2018ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ತಂಡ ಬೇರೆ ದಾರಿ ಹಿಡಿಯಿತು. ಜೀವಿಗಳು ಚರ್ಮ, ಲೋಳೆ, ಮಲದ ರೂಪದಲ್ಲಿ ನೀರಿಗೆ ಬಿಡುವ ಡಿಎನ್‌ಎ ಹುಡುಕಲು ಬೇರೆ ಬೇರೆ ಆಳದಿಂದ ಸುಮಾರು 250 ನೀರಿನ ಮಾದರಿ ತೆಗೆದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಸರೀಸೃಪದ ಡಿಎನ್‌ಎ ಇರಲಿಲ್ಲ. ಈಲ್ ಎಂಬ ಹಾವಿನಾಕಾರದ ಮೀನಿನ ಡಿಎನ್‌ಎ ಮಾತ್ರ ಎಲ್ಲೆಲ್ಲೂ ಇತ್ತು. ‘ಹಾಗಾದರೆ ದೈತ್ಯ ಈಲ್ ಇದೆ’ ಎಂದು ಮರುದಿನವೇ ಶೀರ್ಷಿಕೆಗಳು ಬಂದವು. ಡಿಎನ್‌ಎಯಿಂದ ಈಲ್ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ಅದರ ಗಾತ್ರ ಗೊತ್ತಾಗುವುದಿಲ್ಲ.

‘ಸರ್ಕಾರವೇ ಒಪ್ಪಿಕೊಂಡಿದೆ’ ಎಂಬ ಭಾಗ ಉಳಿಯಿತು. ವರ್ಮಾಂಟ್ ಪ್ರತಿನಿಧಿ ಸಭೆ 1982ರಲ್ಲಿ, ನ್ಯೂಯಾರ್ಕ್ ಶಾಸನಸಭೆ 1983ರಲ್ಲಿ ಚಾಂಪ್‌ಗೆ ಯಾರೂ ತೊಂದರೆ ಕೊಡಬಾರದೆಂಬ ನಿರ್ಣಯ ಮಾಡಿದ್ದು ನಿಜ. ಆದರೆ ಇಂಥ ನಿರ್ಣಯ ಕಾನೂನಲ್ಲ, ಪ್ರಾಣಿ ಇದೆ ಎಂಬ ವೈಜ್ಞಾನಿಕ ತೀರ್ಮಾನವೂ ಅಲ್ಲ. ಅದರಲ್ಲಿ ಅರ್ಧ ಅಕ್ಕರೆ, ಅರ್ಧ ಪ್ರವಾಸೋದ್ಯಮ. ಕ್ಯಾಪ್ಟನ್ ಕ್ರಮ್‌ನ ಬಲ್ವಾಗಾ ಕೊಲ್ಲಿಯ ದಡದಲ್ಲಿರುವ ಪೋರ್ಟ್ ಹೆನ್ರಿ ಊರಿನಲ್ಲಿ ಚಾಂಪ್ ಹೆಸರಿನ ಹಬ್ಬ ನಡೆಯುತ್ತದೆ, ಕಂಡವರ ಹೆಸರು ಬರೆದ ಫಲಕವಿದೆ. ವರ್ಮಾಂಟಿನ ಬೇಸ್‌ಬಾಲ್ ತಂಡದ ಹೆಸರು ‘ಲೇಕ್ ಮಾನ್‌ಸ್ಟರ್ಸ್’. ಇದರಲ್ಲಿ ತಪ್ಪೇನೂ ನಮಗೆ ಕಾಣುವುದಿಲ್ಲ. ಊರಿಗೊಂದು ಕಥೆ ಇದ್ದರೆ ಊರಿಗೆ ಚೆಂದ.

ಚಾಂಪ್‌ನ ಆ ಪ್ರಸಿದ್ಧ ಫೋಟೋ ಬಂದ ಸೇಂಟ್ ಆಲ್ಬನ್ಸ್ ಸುತ್ತಮುತ್ತಲ ಕೊಲ್ಲಿಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಬೇರೊಂದು ದೃಶ್ಯ ಕಾಣುತ್ತದೆ. ಗಾಳಿಯಿಲ್ಲದ ಬೆಚ್ಚನೆಯ ದಿನಗಳಲ್ಲಿ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿಹಸಿರು ಪಾಚಿ, ದಟ್ಟವಾಗಿ ಬೆಳೆಯುತ್ತದೆ. ಹೊಲದ ಗೊಬ್ಬರ, ಕೊಟ್ಟಿಗೆಯ ಸಗಣಿ, ಪಟ್ಟಣದ ಕೊಳೆನೀರಿನಿಂದ ಬರುವ ರಂಜಕವೇ ಅದರ ಆಹಾರ. ಕೆಲವು ಬಗೆಗಳು ಯಕೃತ್ತು ಮತ್ತು ನರಗಳಿಗೆ ಹಾನಿ ಮಾಡುವ ವಿಷ ಬಿಡುತ್ತವೆ. 1999–2000ರ ಸುಮಾರಿಗೆ ಈ ಸರೋವರದ ಇಂಥ ನೀರು ಕುಡಿದು ನಾಯಿಗಳು ಸತ್ತವು. ಇಲ್ಲಿಂದ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಕುಡಿಯುವ ನೀರು ಹೋಗುತ್ತದೆ. ಈ ವಿಷ ನೀರು ಕುದಿಸಿದರೆ ಹೋಗುವುದಿಲ್ಲ ಎಂಬುದನ್ನು ಎಲ್ಲಿಯವರೂ ನೆನಪಿಡಬೇಕು. ಈಗ ಅಲ್ಲಿ ತರಬೇತಿ ಪಡೆದ ಸ್ವಯಂಸೇವಕರು ಬೇಸಿಗೆಯುದ್ದಕ್ಕೂ ವಾರ ವಾರ ಅದೇ ಜಾಗಕ್ಕೆ ಹೋಗಿ, ನೀರು ನೋಡಿ, ಫೋಟೋ ತೆಗೆದು ವರದಿ ಕಳಿಸುತ್ತಾರೆ. ಅದರ ಮೇಲೆ ಈಜುವ ದಡ ತೆರೆಯಬೇಕೋ ಮುಚ್ಚಬೇಕೋ ಎಂದು ತೀರ್ಮಾನವಾಗುತ್ತದೆ. ಯಾವ ದಿನ, ಯಾವ ಜಾಗ, ಎಷ್ಟು ಎಂಬುದನ್ನು ಬರೆದಿಡುವುದರಿಂದ ಆ ನೋಟಕ್ಕೆ ಬೆಲೆ. ಚಾಂಪ್‌ನ ಫೋಟೋದಲ್ಲಿ ಇಲ್ಲದ್ದು ಅದೇ.

ಇನ್ನು ನಿಮ್ಮ ಮೊಬೈಲಿಗೆ ಬಂದ ವಿಡಿಯೋ. ಅಳತೆ ಗೊತ್ತಿರುವ ಏನಾದರೂ, ದೋಣಿಯೋ ಹಕ್ಕಿಯೋ, ಚೌಕಟ್ಟಿನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ‘50 ಅಡಿ’ ಎಂದವರು ಊಹಿಸಿದ್ದಾರೆ. ಜೂಮ್ ಮಾಡಿ ಕತ್ತರಿಸಿದ್ದೇ, ಪೂರ್ತಿ ವಿಡಿಯೋ ಎಲ್ಲಿದೆ ಎಂದು ಕಳಿಸಿದವರನ್ನು ಕೇಳಿ. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದೇ ದೃಶ್ಯ ಬೇರೆ ದೇಶದ, ಬೇರೆ ವರ್ಷದ ಹೆಸರಿನಲ್ಲಿ ಸಿಗುವುದುಂಟು. ಈಗಂತೂ ಎಐ ಬಳಸಿ ಇಂಥ ವಿಡಿಯೋವನ್ನು ನಿಮಿಷಗಳಲ್ಲಿ ಮಾಡಬಹುದು, ಆಟಿಕೆಯ ಜಲಾಂತರ್ಗಾಮಿಯೂ ಬೇಡ. ಅಡಿಬರಹದಲ್ಲಿ ‘1609ರಲ್ಲೇ ಶಾಂಪ್ಲೇನ್ ನೋಡಿದ್ದ’ ಎಂದಿದ್ದರೆ ನಿಮ್ಮ ಉತ್ತರ ಸಿದ್ಧವಿದೆ: ನೋಡಿದ್ದ, ಅದು ಗಾರ್ ಮೀನು, 5 ಅಡಿ.